ಮೀಸಲು ಬಾವಿಗಳ ಇಳಿತ

ಅಂಗೈಯಗಲದ ಒಂದು ಕಂಪ್ಯೂಟರು ನೆಲದಾಳದ ನೀರಿನ ಜೊತೆ ಮಾತಾಡುತ್ತದೆ ಎಂದರೆ ಯಾರು ತಾನೇ ನಂಬುತ್ತಾರೆ? ಅದನ್ನು ಜೋಡಿಸಿದ ವೈರಕ್ಕನಿಗೇ ಮೊದಲ ದಿನ ನಂಬಿಕೆ ಬಂದಿರಲಿಲ್ಲ. ಹಾಗಂತ ಅವಳೇನೂ ಕೆಲಸಕ್ಕೆ ಹೊಸಬಳಲ್ಲ. ಅಳತೆಯ ಉಪಕರಣಗಳನ್ನು ಜೋಡಿಸುವುದು, ಕೆಟ್ಟರೆ ಬಿಚ್ಚಿ ಸರಿಮಾಡುವುದು ಅವಳ ಕಸುಬು. ಜೇಬಿಗೆ ಕೈ ಹಾಕಿದರೆ ಚಿಲ್ಲರೆಗಿಂತ ಮುಂಚೆ ತಂತಿಯ ತುಂಡುಗಳೇ ಉದುರುತ್ತಿದ್ದವಾದ್ದರಿಂದ ಅವಳ ಅಂಗಡಿಯಿದ್ದ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಅದು. ತಾಯಿ ಇಟ್ಟಿದ್ದ ಹೆಸರಿನಿಂದ ಕರೆದರೆ ಈಗ ಅವಳೇ ತಿರುಗಿ ನೋಡುತ್ತಿರಲಿಲ್ಲ.

ನೀರು ಸರಬರಾಜು ಕೇಂದ್ರದ ತಂತಿಬೇಲಿಯೊಳಗೆ ಐದು ಕೊಳವೆ ಬಾವಿಗಳಿದ್ದವು. ಮೀಸಲು ಬಾವಿಗಳು. ನದಿಯ ನೀರು ಕೆಟ್ಟಾಗಲೋ ದೊಡ್ಡ ಕೊಳವೆ ಒಡೆದಾಗಲೋ ಮಾತ್ರ ಅವುಗಳ ಪಂಪು ಹಾಕಬೇಕು, ಉಳಿದ ದಿನ ಯಾರೂ ಮುಟ್ಟುವಂತಿಲ್ಲ. ವೈರಕ್ಕ ಒಂದೊಂದು ಬಾವಿಯೊಳಕ್ಕೂ ಹೆಬ್ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ಸೆನ್ಸರನ್ನು ಇಳಿಬಿಟ್ಟಳು. ತನ್ನ ತಲೆಯ ಮೇಲೆ ಎಷ್ಟು ನೀರು ನಿಂತಿದೆ ಎಂದು ತೂಗಿ ಹೇಳುವುದಷ್ಟೇ ಅದರ ಕೆಲಸ. ಐದೂ ತಂತಿಗಳು ನೆಲದಡಿಯ ಪೈಪಿನಲ್ಲಿ ಹರಿದು ಪಂಪ್ ಕೋಣೆಗೆ ಬಂದವು. ಪ್ರತಿ ತಂತಿಯ ತುದಿಗೂ ಸೆನ್ಸರಿನ ಮಾತನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವ ಒಂದು ಪುಟ್ಟ ಕನ್ವರ್ಟರು, ಆ ಕನ್ವರ್ಟರುಗಳೆಲ್ಲ ಸಾಲು ಕಿಂಡಿಗಳ ಒಂದು ಯುಎಸ್‌ಬಿ ಹಬ್ಬಿಗೆ, ಆ ಹಬ್ಬು ಈ ಅಂಗೈಯಗಲದ ಕಂಪ್ಯೂಟರಿಗೆ. ಇಂಥ ಸೆನ್ಸರುಗಳದ್ದು ಸೀರಿಯಲ್ ಪೋರ್ಟಿನ ಮಾತು. ಒಂದಕ್ಷರದ ಹಿಂದೆ ಒಂದಕ್ಷರ, ನೂಕುನುಗ್ಗಲಿಲ್ಲ. ನೀರು ಏರಿತೋ ಇಳಿಯಿತೋ ಅಷ್ಟನ್ನೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತವೆ. ಅವಳ ಗಿರಾಕಿಗಳಲ್ಲಿ ಯಾರೂ ಇಷ್ಟು ಕಡಿಮೆ ಮಾತಾಡಿದ್ದಿಲ್ಲ.

ಆ ಕೇಂದ್ರದ ಪಂಪು ನೋಡಿಕೊಳ್ಳುವ ಯಜಮಾನ ಅವಳ ಸೋದರಮಾವ. ತಾಯಿ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಆಡಿಸಿ, ಹೊಡೆದು ಬಡಿದು, ಓದಿಸಿ ದೊಡ್ಡವಳನ್ನು ಮಾಡಿದವನು ಅವನೇ. ಅವಳಿಗೆ ಈ ಕೆಲಸ ಸಿಕ್ಕಿದ್ದು ಮಾವನ ವಶೀಲಿಯಿಂದಲ್ಲ. ಮಾವನಿಗೆ ವಶೀಲಿ ಮಾಡುವುದು ಹಾಗಿರಲಿ, ಮೇಲಿನವರ ಮುಂದೆ ನೆಟ್ಟಗೆ ಕೆಮ್ಮಲೂ ಬರುತ್ತಿರಲಿಲ್ಲ. ಮೊದಲ ದಿನ ಪರದೆಯ ಮೇಲೆ ಐದು ಗೆರೆಗಳು ಒಂದರ ಕೆಳಗೊಂದು ಜೀವ ತಳೆದು ಬಲಕ್ಕೆ ಹರಿಯತೊಡಗಿದಾಗ ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದು ಅವಳ ಹಿಂದೆ ನಿಂತ.

"ಇದು ಮೂರನೇ ಬಾವಿನಾ?"

"ಹೂಂ ಮಾವ."

"ಈಗ, ಈ ಕ್ಷಣದ್ದು?"

"ಈಗಿಂದೇ."

"ಇಷ್ಟು ವರ್ಷ ಅದರ ತಲೆ ಮೇಲೆ ಓಡಾಡಿದೀನಿ ಪುಟ್ಟಿ, ಅದರ ಮುಖ ನೋಡಿದ್ದು ಇವತ್ತೇ," ಎಂದ.

ಗೆರೆಗಳು ನೆಟ್ಟಗೆ ಹೋಗಬೇಕಿತ್ತು. ಯಾರೂ ಮುಟ್ಟದ ನೀರು ಅಲ್ಲಾಡುವುದಕ್ಕೆ ಕಾರಣವಾದರೂ ಏನು? ಆದರೆ ಎರಡನೇ ದಿನ ನೋಡಿದರೆ ಐದೂ ಗೆರೆಗಳು ಬಳುಕುತ್ತಿದ್ದವು. ನಡುಹಗಲಿಗೆ ಎರಡು ಬೆರಳಷ್ಟು ಇಳಿಯುವುದು, ಮತ್ತೆ ಮೆಲ್ಲಗೆ ಏರುವುದು, ನಡುರಾತ್ರಿಗೆ ಮತ್ತೆ ಇಳಿಯುವುದು. ದಿನಕ್ಕೆ ಎರಡು ಸಲ, ತಪ್ಪದೆ. ವೈರಕ್ಕನಿಗೆ ಅದನ್ನು ನೋಡಿದಾಗ ಯಾಕೋ ಮೈ ಜುಮ್ಮೆಂದಿತು. ತೊಟ್ಟಿಲಲ್ಲಿ ಮಲಗಿದ ಮಗುವಿನ ಹೊಟ್ಟೆ ಏರಿಳಿಯುವ ಹಾಗಿತ್ತು. ಎಲ್ಲೋ ತಂತಿ ಸಡಿಲವಾಗಿದೆ ಎಂದುಕೊಂಡು ಆ ಜುಮ್ಮನ್ನು ಒದರಿಕೊಂಡಳು.

ಕೇಂದ್ರದ ಮೇಲ್ವಿಚಾರಣೆಯ ಇಂಜಿನಿಯರ್ ಮೇಡಂ ಹಾಗೆ ಒದರಿಕೊಳ್ಳುವ ಜಾತಿಯವರಲ್ಲ. ಹೆಚ್ಚು ಮಾತಿಲ್ಲ, ಕೆಟ್ಟವರೂ ಅಲ್ಲ, ಆದರೆ ಲೆಕ್ಕಕ್ಕೆ ಸಿಗದ ಒಂದು ಹನಿ ನೀರನ್ನು ಕಂಡರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರು ಪರದೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಮೀಸಲು ಬಾವಿ ದಿನಾ ಎರಡು ಸಲ ಇಳೀತಾ ಇದೆ," ಎಂದರು. "ಅಂದ್ರೆ ದಿನಾ ಎರಡು ಸಲ ಯಾರೋ ನೀರು ತೆಗೀತಾ ಇದಾರೆ."

ಆ ಬಾವಿಗಳ ಪಂಪಿನ ಸ್ವಿಚ್ಚಿದ್ದ ಪೆಟ್ಟಿಗೆಗೆ ಬೀಗ, ಬೀಗದ ಕೈ ಮಾವನ ಸೊಂಟದಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ ಎನ್ನುತ್ತಾರಲ್ಲ, ಮಾವ ಹೆಗಲು ಮುಟ್ಟಿಕೊಳ್ಳಲಿಲ್ಲ. ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟು, "ನಿಮ್ಮ ಹತ್ರಾನೇ ಇರ್ಲಿ ಮೇಡಂ," ಎಂದು ಹೊರಗೆ ಹೋದ. ಬೀಗದ ಕೈ ಕಚೇರಿಯ ಕಪಾಟು ಸೇರಿತು. ಬಾವಿಗಳು ಮಾತ್ರ ಇಳಿಯುವುದನ್ನು ಬಿಡಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಬಾಯಿಗಳ ಕೆಲಸ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೀಲಿ ಒಪ್ಪಿಸಿದರೇನು, ನಕಲಿ ಮಾಡಿಸಿಟ್ಟುಕೊಂಡಿಲ್ಲ ಅಂತ ಏನು ಗ್ಯಾರಂಟಿ, ಎಂದರು ಒಬ್ಬರು. ಟ್ಯಾಂಕರಿನವರ ಜೊತೆ ಚಹಾ ಕುಡಿಯುತ್ತಿದ್ದುದನ್ನು ಕಂಡಿದ್ದೆ ಎಂದರು ಇನ್ನೊಬ್ಬರು. ಇಳಿಯುವ ಹೊತ್ತೂ ದಿನದಿಂದ ದಿನಕ್ಕೆ ಮುಂದೆ ಸರಿಯುತ್ತಿತ್ತು. ನಿನ್ನೆ ಹನ್ನೆರಡಕ್ಕಾದರೆ ಇವತ್ತು ಒಂದಕ್ಕೆ ಸ್ವಲ್ಪ ಮುಂಚೆ, ನಾಳೆ ಇನ್ನಷ್ಟು ತಡ. "ಕಾವಲು ಹಾಕ್ತಾರೆ ಅಂತ ದಿನಾ ಹೊತ್ತು ಬದಲಾಯಿಸ್ತಾನೆ, ಪಾಕಡಾ ಕಳ್ಳ," ಎಂದು ಅದಕ್ಕೂ ಅರ್ಥ ಹಚ್ಚಿದರು. ವಾರ ಕಳೆಯುವಷ್ಟರಲ್ಲಿ ಎರಡು ಬೆರಳಿನ ಇಳಿತ ಒಂದೇ ಬೆರಳಾಯಿತು. ಮೇಡಂ ನಿಟ್ಟುಸಿರು ಬಿಟ್ಟು, "ವಿಚಾರಣೆ ಶುರುವಾದ ಮೇಲೆ ಕಮ್ಮಿ ಆಗಿದೆ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದು ವೈರಕ್ಕನನ್ನೇ ಕೇಳಿದರು. ಮುಂದಿನ ವಾರದೊಳಗೆ ಬೇರೆ ಕಾರಣ ಸಿಗದಿದ್ದರೆ ಮಾವನನ್ನು ಮನೆಗೆ ಕಳಿಸುವುದು, ಕಳ್ಳ ಎಂದೇ ಕಳಿಸುವುದು, ಎಂದು ಮೇಲಿನವರು ತೀರ್ಮಾನಿಸಿದ್ದರು.

ವೈರಕ್ಕನ ಸಂಕಟ ಕೇಳಬೇಡಿ. ಮಾವನ ಮೇಲೆ ಸಾಕ್ಷಿ ನುಡಿಯುತ್ತಿದ್ದುದು ಅವಳೇ ಬಾವಿಗಿಳಿಸಿದ ಸೆನ್ಸರುಗಳು. ತಂತಿ ಸುಳ್ಳು ಎಂದರೆ ಅವಳ ಕಸುಬಿನ ಮಾನ ಹೋಗುತ್ತದೆ, ತಂತಿ ನಿಜ ಎಂದರೆ ಮಾವನ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಅವಳು ಒಂದು ಪರೀಕ್ಷೆ ಯೋಚಿಸಿದಳು. ಪಂಪ್ ಕೋಣೆಯ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಕಂಠದವರೆಗೆ ನೀರು ತುಂಬಿಸಿ, ಅದರೊಳಗೆ ಆರನೇ ಸೆನ್ಸರನ್ನು ಇಳಿಬಿಟ್ಟು, ಅದೇ ಹಬ್ಬಿಗೆ, ಅದೇ ಕಂಪ್ಯೂಟರಿಗೆ ಸೇರಿಸಿದಳು. ಡ್ರಮ್ಮಿಗೆ ಮುಚ್ಚಳ ಹಾಕಿ ಮೇಡಂಗೆ ಹೇಳಿದಳು: "ಈ ನೀರನ್ನ ಯಾರೂ ತೆಗೆಯಲ್ಲ. ಡ್ರಮ್ಮಿನ ಗೆರೆ ನೆಟ್ಟಗಿದ್ದರೆ ನನ್ನ ತಂತಿ ಸರಿ, ಬಾವಿ ನೀರು ನಿಜವಾಗ್ಲೂ ಇಳೀತಿದೆ ಅಂತ. ಡ್ರಮ್ಮೂ ಬಾವಿಗಳ ಥರಾನೇ ಬಳುಕಿದ್ರೆ ತಪ್ಪು ನಂದು."

ಅವತ್ತು ಮಧ್ಯಾಹ್ನ ಸ್ವಲ್ಪ ಹೊತ್ತು ಕರೆಂಟು ಹೋಯಿತು. ಬಂದ ಮೇಲೆ ಕಂಪ್ಯೂಟರು ತಾನೇ ಎದ್ದು ಕೂತಿತು, ಆರೂ ಗೆರೆಗಳು ಮರಳಿ ಬಂದವು. ಸದ್ಯ, ಏನೂ ಸುಡಲಿಲ್ಲ ಎಂದು ಅವಳು ಸಮಾಧಾನಪಟ್ಟುಕೊಂಡಳು.

ಮಾರನೇ ದಿನ ನೋಡಿದರೆ ಡ್ರಮ್ಮಿನ ಗೆರೆ ಬಳುಕಿತ್ತು. ಬಾವಿಗಳ ಜೊತೆಜೊತೆಗೇ, ಅಷ್ಟೇ ಇಳಿದು ಅಷ್ಟೇ ಏರಿತ್ತು.

ಮಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು. ನಕ್ಕಿದ್ದು ತಪ್ಪಾಯಿತೇನೋ ಎಂಬಂತೆ ಕೂಡಲೇ ಅವಳ ಮುಖ ನೋಡಿದ. ವೈರಕ್ಕ, "ನಗು ಮಾವ, ನಗು. ಮುಚ್ಚಿದ ಡ್ರಮ್ಮಿನಿಂದ ನೀರು ಕದಿಯೋಕೆ ಟ್ಯಾಂಕರಿನವರ ಅಪ್ಪನಿಂದಲೂ ಆಗಲ್ಲ," ಎಂದಳು. ಮೇಡಂ ತಂತಿಗಳನ್ನೆಲ್ಲ ಬಿಚ್ಚಿ ಒಯ್ಯುವಂತೆ ಹೇಳಿದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಮಾವನಿಗೆ ಮಾತ್ರ, "ಮನಸ್ಸಿಗೆ ಹಚ್ಕೋಬೇಡಿ ಯಜಮಾನ್ರೇ," ಎಂದರು.

ಮಾನ ಹೋದರೆ ಹೋಗಲಿ, ಮಾವ ಉಳಿದನಲ್ಲ. ವೈರಕ್ಕ ಹಾಗೆಂದುಕೊಂಡೇ ಬಿಚ್ಚಲು ಕೂತಳು. ಒಂದೇ ಒಂದು ವಿಷಯ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಇಷ್ಟು ದಿನ ಉಳಿದವುಗಳ ಜೊತೆ ಕುಣಿಯುತ್ತಿದ್ದ ಮೂರನೇ ಬಾವಿ ನಿನ್ನೆಯಿಂದ ಅಲ್ಲಾಡದೆ ಕೂತಿತ್ತು. ಅದರ ಗೆರೆ ಸ್ಕೇಲಿಟ್ಟು ಎಳೆದ ಹಾಗಿತ್ತು.

"ಅದೊಂದೇ ಮರ್ಯಾದಸ್ಥ ಬಾವಿ," ಎಂದ ಮಾವ. ಮನಸ್ಸು ಹಗುರಾಗಿ ಅವನಿಗೆ ಮುಖ ತೊಳೆಯಬೇಕೆನಿಸಿತು. ಡ್ರಮ್ಮಿನ ಮುಚ್ಚಳ ಸರಿಸಿ ಒಂದು ಚೊಂಬು ನೀರು ತೆಗೆದುಕೊಂಡ.

ಪರದೆಯ ಮೇಲೆ ಮೂರನೇ ಬಾವಿ ದಡಕ್ಕನೆ ಇಳಿಯಿತು.

ವೈರಕ್ಕ ಪರದೆಯಿಂದ ಕಣ್ಣು ತೆಗೆಯದೆ ಕೂಗಿದಳು. "ಮಾವ, ಆ ನೀರು ವಾಪಸ್ ಹಾಕು." ಅವನು ಹಾಕಿದ. ಮೂರನೇ ಬಾವಿ ಏರಿತು. "ಇನ್ನೊಂದು ಸಲ ತೆಗಿ." ಇಳಿಯಿತು. "ಹಾಕು." ಏರಿತು. ಡ್ರಮ್ಮು ಎಂದು ಹೆಸರಿದ್ದ ಗೆರೆ ಮಾತ್ರ ಇದಾವುದರ ಗೊಡವೆಯಿಲ್ಲದೆ ತನ್ನ ಪಾಡಿಗೆ ಬಳುಕುತ್ತ ಹೋಗುತ್ತಿತ್ತು.

ಆಗ ಅವಳಿಗೆ ತನ್ನ ಬುದ್ಧಿಗೆ ಕವಿದ ಮಂಕು ಅರ್ಥವಾಯಿತು. ಆರೂ ಕನ್ವರ್ಟರುಗಳು ಒಂದೇ ಕಂಪನಿಯ, ಒಂದೇ ಅಚ್ಚಿನ ಮಾಲು, ಹುಟ್ಟುಮಚ್ಚೆ ಎಂಬುದಿಲ್ಲ. ಕಂಪ್ಯೂಟರಿಗೆ ಯಾರು ಯಾರೆಂದು ಗೊತ್ತಿಲ್ಲ. ಅದು ಎದ್ದಾಗ ಯಾರು ಮೊದಲು ಓಗೊಡುತ್ತಾರೋ ಅವರಿಗೆ ಸೊನ್ನೆ ಎಂದು ಹೆಸರಿಡುತ್ತದೆ, ಆಮೇಲೆ ಓಗೊಟ್ಟವರಿಗೆ ಒಂದು, ಎರಡು. ಕರೆಂಟು ಹೋಗಿ ಬಂದಾಗ ಡ್ರಮ್ಮಿನದ್ದು ಬೇಗ ಎದ್ದಿದೆ, ಮೂರನೇ ಬಾವಿಯದ್ದು ತಡವಾಗಿ ಎದ್ದಿದೆ, ಅದರ ಹೆಸರು ಇದಕ್ಕೆ, ಇದರ ಹೆಸರು ಅದಕ್ಕೆ. ಏರಿಳಿತ ಮಾತ್ರ ಸಾಕೆಂದು ಮೇಡಂ ಹೇಳಿದ್ದರಿಂದ, ಎದ್ದ ಕ್ಷಣದ ಮಟ್ಟವನ್ನೇ ಸೊನ್ನೆಯೆಂದು ಹಿಡಿಯುವಂತೆ ಅವಳೇ ಬರೆದಿದ್ದಳು. ಹಾಗಾಗಿ ಆಳದ ಬಾವಿಯೂ ಸೊಂಟದೆತ್ತರದ ಡ್ರಮ್ಮೂ ಪರದೆಯ ಮೇಲೆ ಒಂದೇ ಎತ್ತರಕ್ಕೆ ನಿಂತಿದ್ದವು, ಅದಲುಬದಲಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೆಸರನ್ನು ಎದ್ದ ಸರದಿಗಲ್ಲ, ಕೂತ ಕಿಂಡಿಗೆ ಕಟ್ಟಬೇಕಿತ್ತು. ಹಬ್ಬಿನ ಯಾವ ಕಿಂಡಿಯಲ್ಲಿ ಕೂತಿದೆಯೋ ಅದೇ ಅದರ ಹೆಸರು. ಅಷ್ಟು ಮಾಡಿದ್ದರೆ ಕರೆಂಟು ನೂರು ಸಲ ಹೋಗಿ ಬಂದರೂ ಗೊಂದಲವಿರುತ್ತಿರಲಿಲ್ಲ.

ಆದರೆ ಈಗ ಅವಳನ್ನು ಹೆದರಿಸಿದ್ದು ಅದಲ್ಲ. ಡ್ರಮ್ಮು ಬಳುಕಿರಲಿಲ್ಲ. ಡ್ರಮ್ಮಿನ ನೀರು ಕಲ್ಲಿನ ಹಾಗೆ ಸುಮ್ಮನೆ ಕೂತಿತ್ತು. ಅಂದರೆ ತಂತಿ ಸರಿ. ಅಂದರೆ ಬಾವಿಗಳು ನಿಜವಾಗಿ ಇಳಿಯುತ್ತಿವೆ. ಅಂದರೆ... ಅವಳು ಮಾವನ ಬೆನ್ನನ್ನು ನೋಡಿದಳು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ ಆ ಕೆಟ್ಟ ಯೋಚನೆ ಬಂದು ಹೋಯಿತು.

ಮಾವ ಮುಖ ಒರೆಸಿಕೊಳ್ಳುತ್ತ ತಿರುಗಿದ. "ಯಾಕೆ ಪುಟ್ಟಿ, ದೆವ್ವ ಕಂಡವಳ ಥರ ನೋಡ್ತೀಯ?"

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿದಳು. ಹೇಳಿ, "ಯಾರಿಗೂ ಗೊತ್ತಿಲ್ಲ ಮಾವ. ಬಿಚ್ಚಿ ಗಂಟು ಕಟ್ಟಿಬಿಡ್ತೀನಿ. ಮುಗೀತು," ಎಂದಳು.

ಮಾವ ಡ್ರಮ್ಮಿನ ಅಂಚಿಗೆ ಒರಗಿ ನಿಂತ. "ನೀರು ನಿಜವಾಗ್ಲೂ ಇಳೀತಾ ಇದೆ ಅಂತೀಯ?"

"ಹೂಂ."

"ನಿನ್ನ ತಂತಿ ಸರಿ ಇದೆ?"

"ಹೂಂ."

"ಹಾಗಾದ್ರೆ ಮೇಡಂಗೆ ಹೇಳು."

"ಹೇಳಿದ್ರೆ ನಿನ್ನನ್ನ..."

"ನಾನು ತೆಗೆದಿಲ್ಲ ಅಂತ ನಂಗೊತ್ತು. ನಿಂಗೊತ್ತಾ?"

ವೈರಕ್ಕ ತಲೆ ತಗ್ಗಿಸಿ, "ಗೊತ್ತು," ಎಂದಳು.

"ಇನ್ನೇನು ಮತ್ತೆ? ನಾನು ಕಾಯೋ ಬಾವೀಲಿ ನೀರು ಇಳೀತಿದೆ. ಯಾರು ತೆಗೀತಾರೆ ಅಂತ ನಂಗೂ ತಿಳೀಬೇಕು. ಸುಳ್ಳಿನ ಮೇಲೆ ಬಿಡುಗಡೆ ಮಾಡಿಸ್ಕೊಂಡು ಮನೇಲಿ ಹೇಗೆ ಕೂತ್ಕೊಳ್ಳಲಿ?"

ಅಷ್ಟರಲ್ಲಿ ಅತ್ತೆ ಚಹಾದ ಫ್ಲಾಸ್ಕು ಹಿಡಿದುಕೊಂಡು ಬಂದಳು. ಅತ್ತೆಯೆಂದರೆ ಮಾವನ ಹೆಂಡತಿ. ಸಮುದ್ರದಂಚಿನ ಒಂದು ಊರಿನಲ್ಲಿ ಹುಟ್ಟಿ, ರೈಲಿನಲ್ಲಿ ಎರಡು ಹಗಲು ಕೂತು, ಉಪ್ಪುನೀರಿನ ವಾಸನೆಯೂ ಸುಳಿಯದ ಈ ಊರಿಗೆ ಮದುವೆಯಾಗಿ ಬಂದವಳು. ಕಿವಿ ಚುರುಕು, ಪೂರ್ತಿ ಕೇಳುವ ತಾಳ್ಮೆ ಕಡಿಮೆ. ವೈರಕ್ಕ ಆಗ ಕನ್ವರ್ಟರುಗಳ ಹೆಸರನ್ನು ಕಿಂಡಿಗಳಿಗೆ ಕಟ್ಟಿ ಮುಗಿಸಿ, ಸರಿಯಾದ ಗೆರೆಗಳನ್ನು ಮಾವನಿಗೆ ತೋರಿಸುತ್ತಿದ್ದಳು. "ನೋಡು, ನಿನ್ನೆ ಇಳಿತ ಐದು ಗಂಟೆಗೆ. ಮೊನ್ನೆ ಇಳಿತ ನಾಲ್ಕೂ ಹತ್ತಕ್ಕೆ."

ಆ ಕೇಂದ್ರದಲ್ಲಿ ಇಳಿತ ಎಂದರೆ ನೀರಿನ ಮಟ್ಟ ಕೆಳಗಿಳಿಯುವುದು, ಅಷ್ಟೇ. ಅತ್ತೆ ಲೋಟಕ್ಕೆ ಚಹಾ ಬಗ್ಗಿಸುತ್ತ, ತೀರಾ ಸಹಜವಾಗಿ ಕೇಳಿದಳು. "ಭರತ ಎಷ್ಟೊತ್ತಿಗೆ ಹಾಗಾದ್ರೆ?"

"ಏನು?"

"ಇಳಿತ ಐದಕ್ಕೆ ಅಂದ್ರೆ ಭರತ, ಅದೇ ಉಬ್ಬರ, ಹನ್ನೊಂದರ ಸುಮಾರಿಗೆ ಇರ್ಬೇಕಲ್ಲ. ಯಾವೂರಿನ ಸಮುದ್ರ ಅದು? ನೀವು ಸಮುದ್ರದ ವಿಷಯ ಮಾತಾಡ್ತಾ ಇಲ್ವಾ?"

ವೈರಕ್ಕನ ಕೈಯ ಲೋಟ ಅಲ್ಲೇ ನಿಂತಿತು. ಅವಳು ಗೆರೆ ನೋಡಿದಳು. ಗೆರೆ ಅತಿ ಎತ್ತರಕ್ಕೆ ಏರಿದ್ದುದು ಹನ್ನೊಂದರ ಸುಮಾರಿಗೇ. "ಅತ್ತೆ, ನಿಮ್ಮೂರ ಸಮುದ್ರ ದಿನಾ ಒಂದೇ ಹೊತ್ತಿಗೆ ಇಳಿಯುತ್ತಾ?"

"ಒಂದೇ ಹೊತ್ತಿಗಾ? ಅದೇನು ನಿನ್ನ ಮಾವನಾ, ಗಡಿಯಾರ ನೋಡಿ ಊಟಕ್ಕೆ ಬರೋಕೆ? ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ. ಚಂದ್ರನ ಹಾಗೆ."

"ಒಂದು ವಾರ ಜಾಸ್ತಿ ಇಳಿದು, ಆಮೇಲೆ ಕಮ್ಮಿ ಆಗೋದುಂಟಾ?"

"ಅಮಾವಾಸ್ಯೆಗೆ ಹುಣ್ಣಿಮೆಗೆ ದೊಡ್ಡದು. ಅರ್ಧ ಚಂದ್ರ ಬಂದಾಗ ಸಣ್ಣದು. ಇಷ್ಟೂ ಗೊತ್ತಿಲ್ವಾ ನಿಮಗೆ, ನೀರಿನ ಇಲಾಖೇಲಿ ಕೂತ್ಕೊಂಡು?" ಅತ್ತೆ ನಕ್ಕಳು. ಬೇರೆ ಯಾರೂ ನಗದಿದ್ದುದನ್ನು ಕಂಡು, "ಏನಾಯ್ತು?" ಎಂದಳು.

ವೈರಕ್ಕ ಕಿಟಕಿಗೆ ಹೋದಳು. ಮಧ್ಯಾಹ್ನದ ಬಿಸಿಲು ಇನ್ನೂ ಇತ್ತು. ಬೇಲಿಯಾಚೆ, ಸೈಕಲ್ ರಿಪೇರಿ ಅಂಗಡಿಯ ತಗಡಿನ ಮೇಲಕ್ಕೆ, ಪೂರ್ವದಲ್ಲಿ ಬಿಳಚಿಕೊಂಡ ಅರ್ಧ ಚಂದ್ರ ಏರುತ್ತಿತ್ತು. ಮೊದಲ ಇಳಿತ ಕಂಡ ದಿನ ಅಮಾವಾಸ್ಯೆಯಾಗಿ ಕರೆಂಟಿಲ್ಲದ ಬೀದಿಯಲ್ಲಿ ತಡವರಿಸಿ ಮನೆಗೆ ಹೋದದ್ದು ಅವಳಿಗೆ ನೆನಪಿತ್ತು. ಇಷ್ಟು ದಿನ ತಾನು ಸಡಿಲವಾದ ಒಂದು ತಂತಿಯನ್ನು ಹುಡುಕುತ್ತಿದ್ದೆ, ಆ ಹುಡುಕಾಟದ ಇನ್ನೊಂದು ತುದಿ ಅಲ್ಲಿ, ಅಷ್ಟು ಮೇಲೆ ಇತ್ತಲ್ಲ ಎಂದುಕೊಂಡಳು.

"ಸಮುದ್ರ ಇಲ್ಲಿಂದ ಎಷ್ಟು ದೂರ," ಎಂದ ಮಾವ. "ಅಲ್ಲಿಂದ ಇಲ್ಲಿವರೆಗೆ ನೀರು ಬರುತ್ತಾ?"

"ಸಮುದ್ರದ ನೀರಲ್ಲ ಮಾವ. ಇನ್ನೇನೋ ಇದೆ. ನಂಗೂ ಪೂರ್ತಿ ಗೊತ್ತಿಲ್ಲ."

ಅವಳು ಮೇಡಂಗೆ ಫೋನು ಮಾಡಿ ಮೊದಲು ತಪ್ಪೊಪ್ಪಿದಳು. ಡ್ರಮ್ಮು ಬಳುಕಿಲ್ಲ, ಹೆಸರು ಅದಲುಬದಲಾಗಿತ್ತು, ಬಾವಿಗಳು ನಿಜವಾಗಿ ಇಳಿಯುತ್ತಿವೆ. ಮಾವನ ಕೆಲಸ, ಮರ್ಯಾದೆ ಎಲ್ಲ ಈಗ ಮೇಡಂ ಕೈಯಲ್ಲಿ ತೂಗಾಡುತ್ತಿತ್ತು. ಬಳಿಕ ಅವಳು ಎಂದಳು, "ಮೇಡಂ, ಇವತ್ತು ಇಳಿತ ಆರಕ್ಕೆ ಹತ್ತು ನಿಮಿಷ ಇರುವಾಗ ಆಗುತ್ತೆ. ಒಂದು ಬೆರಳಿಗಿಂತ ಜಾಸ್ತಿ ಇರಲ್ಲ. ಆ ಹೊತ್ತಿಗೆ ಚಂದ್ರ ನೆತ್ತಿ ಮೇಲಿರ್ತಾನೆ. ನೀವು ಬಂದು ಕಣ್ಣಾರೆ ನೋಡಿ. ಮಾವನನ್ನ ಎದುರಿಗೇ ಕೂರಿಸ್ಕೊಂಡು ನೋಡಿ."

"ಯಾರು ಹೇಳಿದ್ದು ನಿಂಗೆ ಇದನ್ನ?" ಮೇಡಂ ದನಿ ಬದಲಾಗಿತ್ತು.

"ನಮ್ಮತ್ತೆ ಒಂದು ಮಾತನ್ನ ತಪ್ಪಾಗಿ ಕೇಳಿಸ್ಕೊಂಡ್ರು."

ಮೇಡಂ ಬಂದರು. ಪರದೆಯ ಮುಂದೆ ಕೂರಲಿಲ್ಲ. ಕಂಪ್ಯೂಟರನ್ನೂ ಹಬ್ಬನ್ನೂ ಹೊರಗೆ ಒಯ್ಯಲಾಗದ್ದರಿಂದ ವೈರಕ್ಕ ಪರದೆಯನ್ನಷ್ಟೇ ಉದ್ದ ತಂತಿ ಎಳೆದು ಮೂರನೇ ಬಾವಿಯ ಕಟ್ಟೆಯ ಮೇಲೆ ತಂದಿಟ್ಟಳು. ನಾಲ್ವರೂ ಅದರ ಸುತ್ತ ನಿಂತರು. ಪಂಪಿನ ಮುಖ್ಯ ಸ್ವಿಚ್ಚನ್ನು ಮೇಡಂ ತಮ್ಮ ಕೈಯಾರೆ ಆರಿಸಿ ಬಂದಿದ್ದರು. ಸೈಕಲ್ ಅಂಗಡಿಯವನು ಬಾಗಿಲು ಎಳೆದುಕೊಂಡ. ಬೀದಿಯಲ್ಲಿ ಬಸ್ಸು ಹೋಯಿತು. ಗೆರೆ ಮೆಲ್ಲಮೆಲ್ಲಗೆ, ಯಾರೋ ಹುಷಾರಾಗಿ ಮೆಟ್ಟಿಲಿಳಿಯುವ ಹಾಗೆ ಇಳಿಯುತ್ತಿತ್ತು. ಯಾವ ಪಂಪೂ ಓಡುತ್ತಿರಲಿಲ್ಲ, ಯಾವ ಕೊಳವೆಯೂ ಮಿಸುಕುತ್ತಿರಲಿಲ್ಲ. ಮಾವನ ಎರಡೂ ಕೈಗಳು ಎಲ್ಲರ ಕಣ್ಣಿಗೆ ಕಾಣುವಂತೆ ಅವನ ಎದೆಯ ಮೇಲಿದ್ದವು.

ಅತ್ತೆ ತಲೆಯೆತ್ತಿ ಆಕಾಶ ನೋಡಿದಳು. ಎಲ್ಲರೂ ನೋಡಿದರು. ಇನ್ನೂ ಆರದ ಬೆಳಕಿನಲ್ಲಿ ಅರ್ಧ ಚಂದ್ರ ಸರಿಯಾಗಿ ನೆತ್ತಿಗೆ ಬಂದಿತ್ತು.

ಗೆರೆ ಇಳಿಯುವುದನ್ನು ನಿಲ್ಲಿಸಿತು.

ವೈರಕ್ಕ ಗಡಿಯಾರ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಮೇಡಂ ನೋಡಿದರು. ನೋಡಿ, "ಸರಿಯಾಗಿದೆ," ಎಂದರು. "ಕಾಲೇಜಿನ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಪ್ಯಾರಾ ಇತ್ತು. ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದೆ. ಚಂದ್ರ ಎಳೆಯೋದು ಸಮುದ್ರವನ್ನ ಮಾತ್ರ ಅಲ್ಲ. ನೆಲವನ್ನೂ ಎಳೀತಾನೆ. ಅವನು ನೆತ್ತಿಗೆ ಬಂದಾಗ, ಭೂಮಿಯ ಆಚೆ ಬದಿಗೆ ಹೋದಾಗಲೂ, ಕೆಳಗಿನ ಬಂಡೆ ಉಬ್ಬುತ್ತೆ, ಬಂಡೆಯ ಬಿರುಕುಗಳು ಕೂದಲೆಳೆಯಷ್ಟು ಬಾಯಿ ಬಿಡ್ತವೆ, ಬಾವಿಯ ನೀರು ಅದರೊಳಕ್ಕೆ ಇಳಿಯುತ್ತೆ. ಅವನು ಸರಿದ ಮೇಲೆ ಬಿರುಕು ಮುಚ್ಚುತ್ತೆ, ನೀರು ಮೇಲೆ ಬರುತ್ತೆ."

"ಬಂಡೆ ಉಬ್ಬುತ್ತಾ?" ಎಂದ ಮಾವ.

"ಬಂಡೆ, ಊರು, ಈ ಪಂಪ್ ಕೋಣೆ, ನಾವು. ಎಲ್ಲ ಒಟ್ಟಿಗೆ, ದಿನಕ್ಕೆರಡು ಸಲ, ಹೆಚ್ಚುಕಮ್ಮಿ ಒಂದು ಗೇಣು ಮೇಲೇಳ್ತೀವಿ, ಇಳೀತೀವಿ. ಎಲ್ಲ ಒಟ್ಟಿಗೇ ಏಳೋದ್ರಿಂದ ಯಾರಿಗೂ ಗೊತ್ತಾಗಲ್ಲ."

ವೈರಕ್ಕನಿಗೆ ತಾನು ಹುಟ್ಟಿದಂದಿನಿಂದ ಗಟ್ಟಿಯೆಂದು ಕಾಲಿಟ್ಟುಕೊಂಡು ಬಂದದ್ದೆಲ್ಲ, ರಸ್ತೆ, ಹೊಸಿಲು, ಅಮ್ಮನನ್ನು ಮಣ್ಣು ಮಾಡಿದ ಜಾಗ, ಒಂದು ದೊಡ್ಡ ಎದೆಯ ಹಾಗೆ ಏರಿಳಿಯುತ್ತಿರುವುದು ಅರಿವಾಗಿ ಕಣ್ಣು ತುಂಬಿತು. ಸೆನ್ಸರುಗಳು ಮೊದಲ ದಿನದಿಂದ ಅದನ್ನೇ ಒಂದಕ್ಷರದ ಹಿಂದೆ ಒಂದಕ್ಷರ ಹೇಳುತ್ತಲೇ ಇದ್ದವು, ಅವಳೇ ಕೇಳಿಸಿಕೊಂಡಿರಲಿಲ್ಲ.

ಮೇಡಂ ಮಾವನ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತು ಯಜಮಾನ್ರೇ. ನಾಳೆ ಎಲ್ಲರನ್ನೂ ಇಲ್ಲಿಗೇ ಕರೆಸ್ತೀನಿ. ನಿಮ್ಮ ಮೇಲೆ ಮಾತಾಡಿದೋರೆಲ್ಲರ ಮುಂದೆ ನಾನೇ ಹೇಳ್ತೀನಿ."

ಮಾವ ತಲೆಯಾಡಿಸಿದ. ಆಪಾದನೆ ಬಂದಾಗಿನಿಂದ ಒಂದು ತೊಟ್ಟು ಕಣ್ಣೀರು ಹಾಕದ ಮನುಷ್ಯ, ಚಪ್ಪಲಿ ಕಳಚಿಟ್ಟು ಬಾವಿಯ ಪಕ್ಕದ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎರಡೂ ಅಂಗೈಗಳನ್ನು ನೆಲಕ್ಕೆ ಊರಿದ. ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ ಹಗುರಾಗಿ ಊರಿದ.

"ಪುಟ್ಟಿ, ಈಗ ಮೇಲಿದೆಯಾ ಇದು?"

"ಪೂರ್ತಿ ಮೇಲಿದೆ ಮಾವ."

"ನನ್ನನ್ನೂ ಎತ್ಕೊಂಡಾ?"

"ನಿನ್ನನ್ನೂ ಎತ್ಕೊಂಡು."

"ಒಂದು ತೊಟ್ಟು ಮುಟ್ಟಿಲ್ಲ, ಮುಟ್ಟಿಲ್ಲ ಅಂತ ಎಲ್ಲರ ಹತ್ರಾನೂ ಅಂದೆ," ಎಂದ ಮಾವ, ನೆಲದಿಂದ ಕೈ ತೆಗೆಯದೆ. "ಮನುಷ್ಯರಲ್ಲಿ ಒಬ್ಬರೂ ನನ್ನ ಮಾತನ್ನ ಎತ್ತಿ ಹಿಡೀಲಿಲ್ಲ. ಇಷ್ಟು ದಿನಾನೂ ಇದು ನನ್ನನ್ನ ಎತ್ತಿ ಹಿಡಿದಿತ್ತಾ?"

ಆಗ ಅವನಿಗೆ ಅಳು ಒತ್ತರಿಸಿ ಬಂತು. ಅತ್ತೆ ಅವನ ಪಕ್ಕ ಕೂತಳು, ವೈರಕ್ಕ ಇನ್ನೊಂದು ಪಕ್ಕ ಕೂತು ಅವನ ಕೈ ಪಕ್ಕದಲ್ಲಿ ತನ್ನ ಕೈಯನ್ನೂ ಊರಿದಳು. ಬಾವಿಯ ಗೆರೆ ತಿರುಗಿ ಮೇಲೇರತೊಡಗುವ ತನಕ ಯಾರೂ ಅಲ್ಲಿಂದ ಏಳಲಿಲ್ಲ.